ವಿಯೆನ್ನಾದ ಷೋನ್‌ಬ್ರುನ್ ಅರಮನೆಗೆ ಅರ್ಧ ದಿನ ಮೀಸಲಿಡಬಹುದೇ?

ನೀವು ಕೇಳಿರುವುದು ಇಷ್ಟು: ವಯಸ್ಸಾದ ತಂದೆತಾಯಿಯರೊಂದಿಗೆ ವಿಯೆನ್ನಾದಲ್ಲಿ ಒಂದೂವರೆ ದಿನ ಮಾತ್ರ ಇರುತ್ತೀರಿ, ಅದರಲ್ಲಿ ಅರ್ಧ ದಿನವನ್ನು ಷೋನ್‌ಬ್ರುನ್ ಅರಮನೆಗೆ ಕೊಡುವುದು ಸರಿಯೇ, ಮೈಸೂರು ಅರಮನೆಯನ್ನು ನಾಲ್ಕಾರು ಸಲ ನೋಡಿರುವ ನಿಮ್ಮ ತಂದೆಯವರಿಗೆ ಅಲ್ಲಿ ಹೊಸದಾಗಿ ಕಾಣುವಂಥದ್ದು ಏನಾದರೂ ಇದೆಯೇ ಎಂದು. ಕೆಲಸದ ನಿಮಿತ್ತ ಎರಡು ವರ್ಷ ಆ ಊರಿನಲ್ಲಿದ್ದು ಅರಮನೆಯನ್ನು ಹಲವು ಬಾರಿ ನೋಡಿದವನಾಗಿ ಹೇಳುವುದಾದರೆ, ಧಾರಾಳವಾಗಿ ಕೊಡಬಹುದು. ಆದರೆ ವೈಭವವನ್ನು ನೋಡಲೆಂದು ಹೋಗಬೇಡಿ. ವೈಭವಕ್ಕೆ ನಿಮ್ಮ ತಂದೆಯವರಿಗೆ ಮೈಸೂರೇ ಸಾಕು. ಇಲ್ಲಿ ನೋಡಬೇಕಾದದ್ದು ನಾಲ್ಕೈದು ಸಣ್ಣ ಕೋಣೆಗಳನ್ನು.

ನನ್ನ ಮೊದಲ ಭೇಟಿ ದಂಡವಾಯಿತು ಎಂದೇ ಹೇಳಬೇಕು. ಒಂದು ಪ್ರವಾಸ ತಂಡದ ಜೊತೆ ಹೋಗಿದ್ದೆ. ಬಸ್ಸಿಗೆ ಹೊತ್ತಾಗುತ್ತದೆಂದು ನಮ್ಮ ಮಾರ್ಗದರ್ಶಕರು ಮುಕ್ಕಾಲು ಗಂಟೆಯಲ್ಲಿ ಸುಮಾರು ನಲವತ್ತು ಕೋಣೆಗಳನ್ನು ದಾಟಿಸಿಬಿಟ್ಟರು. ಹೊರಗೆ ಬಂದಾಗ ನನ್ನ ತಲೆಯಲ್ಲಿ ಉಳಿದಿದ್ದು ತೂಗುದೀಪಗಳು ಮತ್ತು ಮುಂದೆ ನಡೆಯುತ್ತಿದ್ದವರ ಬೆನ್ನುಚೀಲ ಮಾತ್ರ. ಮುಂದಿನ ಸಲ ನವೆಂಬರಿನ ಚಳಿಯಲ್ಲಿ, ಜನ ಕಡಿಮೆಯಿರುವಾಗ, ಒಬ್ಬನೇ ಹೋದೆ. ಅರಮನೆ ಕಣ್ಣಿಗೆ ಬಿದ್ದದ್ದು ಆಗಲೇ.

ಹಿನ್ನೆಲೆ ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. ಆಸ್ಟ್ರಿಯಾವನ್ನು ಆಳಿದ ಹ್ಯಾಬ್ಸ್‌ಬರ್ಗ್ ಮನೆತನ ಈ ಜಾಗವನ್ನು ಕೊಂಡದ್ದು 1569ರಲ್ಲಿ, ಮುಖ್ಯವಾಗಿ ಬೇಟೆಗೆಂದು. ಹೆಸರಿನ ಅರ್ಥ ‘ಚೆಂದದ ಚಿಲುಮೆ’. 1683ರಲ್ಲಿ ತುರ್ಕರು ವಿಯೆನ್ನಾಕ್ಕೆ ಮುತ್ತಿಗೆ ಹಾಕಿದಾಗ ಹಳೆಯ ಕಟ್ಟಡ ಹಾಳಾಯಿತು. 1696ರಲ್ಲಿ ಹೊಸದು ಆರಂಭವಾಯಿತು. 1740ರ ದಶಕದಲ್ಲಿ ಮರಿಯಾ ತೆರೇಸಾ ಅದನ್ನು ಬೇಸಿಗೆಯ ಅರಮನೆಯಾಗಿ ಬೆಳೆಸಿದಳು. ಹದಿನಾರು ಮಕ್ಕಳನ್ನು ಹೆತ್ತು, ನಲವತ್ತು ವರ್ಷ ರಾಜ್ಯವಾಳಿದ ಹೆಂಗಸು ಅವಳು. ಫ್ರಾನ್ಸಿನ ಕ್ರಾಂತಿಯಲ್ಲಿ ತಲೆ ಕಳೆದುಕೊಂಡ ಮರಿ ಆಂಟನೆಟ್ ಅವಳ ಮಗಳೇ. ಒಟ್ಟು ಕೋಣೆಗಳು 1,441 ಎಂದು ಲೆಕ್ಕ ಹೇಳುತ್ತಾರೆ. ನಮಗೆ ತೋರಿಸುವುದು ನಲವತ್ತರಷ್ಟು. ಉಳಿದವುಗಳಲ್ಲಿ ಒಂದಿಷ್ಟು ಇಂದಿಗೂ ಬಾಡಿಗೆ ಮನೆಗಳು. ಅರಮನೆಯ ಮೇಲಂತಸ್ತಿನಲ್ಲಿ ಯಾರೋ ಬಟ್ಟೆ ಇಸ್ತ್ರಿ ಮಾಡುತ್ತಿರಬಹುದೆಂಬ ಯೋಚನೆ ನನಗೆ ಯಾವಾಗಲೂ ಖುಷಿ ಕೊಡುತ್ತದೆ.

ಮೊದಲು ಸಿಗುವುದು ಫ್ರಾಂಜ್ ಜೋಸೆಫ್ ಚಕ್ರವರ್ತಿಯ ಕೋಣೆಗಳು. 1830ರಲ್ಲಿ ಇದೇ ಅರಮನೆಯಲ್ಲಿ ಹುಟ್ಟಿ, ಹದಿನೆಂಟರ ಹರೆಯದಲ್ಲಿ ಪಟ್ಟವೇರಿ, 68 ವರ್ಷ ಆಳಿ, 1916ರ ನವೆಂಬರ್ 21ರಂದು ಇಲ್ಲಿಯೇ ತೀರಿಕೊಂಡವನು. ಅವನ ಮಲಗುವ ಕೋಣೆಯಲ್ಲಿರುವುದು ಒಂದು ಸಾದಾ ಕಬ್ಬಿಣದ ಮಂಚ. ನಮ್ಮಲ್ಲಿ ಹಿಂದೆ ಹಾಸ್ಟೆಲುಗಳಲ್ಲಿ ಇರುತ್ತಿದ್ದ ಮಂಚಕ್ಕಿಂತ ಅದು ಹೆಚ್ಚೇನೂ ಅಲ್ಲ. ಮರಣಶಯ್ಯೆಯಲ್ಲಿರುವ ಅವನ ಚಿತ್ರವನ್ನು ಅದೇ ಕೋಣೆಯಲ್ಲಿ ಇಟ್ಟಿರುವುದರಿಂದ, ಮಂಚವನ್ನೂ ಚಿತ್ರವನ್ನೂ ಒಂದೇ ನೋಟದಲ್ಲಿ ನೋಡಬಹುದು. ಬೆಳಗಿನ ಜಾವ ಐದಕ್ಕೂ ಮುಂಚೆ ಎದ್ದು, ಪ್ರಾರ್ಥನೆ ಮುಗಿಸಿ, ಪಕ್ಕದ ಕೋಣೆಯ ಮೇಜಿನ ಮುಂದೆ ಕುಳಿತು ದಿನವಿಡೀ ಕಡತ ನೋಡುವುದು ಅವನ ದಿನಚರಿ. ಆ ಕೆಲಸದ ಕೋಣೆಯ ಗೋಡೆಯ ಮೇಲಿರುವ ಮನೆಯವರ ಚಿತ್ರಗಳನ್ನು ನೋಡುವಾಗ ಅವನ ಬಾಳಿನ ಲೆಕ್ಕ ತಿಳಿದಿರಲಿ: ತಮ್ಮ ಮ್ಯಾಕ್ಸಿಮಿಲಿಯನ್‌ಗೆ 1867ರಲ್ಲಿ ಮೆಕ್ಸಿಕೋದಲ್ಲಿ ಗುಂಡಿಟ್ಟರು, ಒಬ್ಬನೇ ಮಗ ರುಡಾಲ್ಫ್ 1889ರಲ್ಲಿ ಪ್ರಾಣ ಕಳೆದುಕೊಂಡ, ಹೆಂಡತಿ ಎಲಿಜಬೆತ್ 1898ರಲ್ಲಿ ಜಿನೀವಾದಲ್ಲಿ ಇರಿತಕ್ಕೆ ಬಲಿಯಾದಳು, ಉತ್ತರಾಧಿಕಾರಿಯಾಗಿದ್ದ ತಮ್ಮನ ಮಗ 1914ರಲ್ಲಿ ಸರಯೇವೋದಲ್ಲಿ ಕೊಲೆಯಾದ. ಇಷ್ಟಾದರೂ ಮುದುಕ ಮೇಜು ಬಿಡಲಿಲ್ಲ. ‘ಸಿಸಿ’ ಎಂದು ಜನ ಕರೆಯುವ ಎಲಿಜಬೆತ್‌ಳ ಕೋಣೆಗಳು ಮುಂದಿವೆ. ಅಲ್ಲಿ ಯಾವಾಗಲೂ ನೂಕುನುಗ್ಗಲು, ನನಗೆ ಅವು ಅಷ್ಟಾಗಿ ಹಿಡಿಸಲಿಲ್ಲ.

ಮಹಾ ಗ್ಯಾಲರಿ ನಲವತ್ತು ಮೀಟರಿಗಿಂತ ಉದ್ದದ ಹಜಾರ. ನೆಪೋಲಿಯನ್ ಯುದ್ಧಗಳ ನಂತರ ಯುರೋಪಿನ ಗಡಿಗಳನ್ನು ಮತ್ತೆ ಗೊತ್ತುಮಾಡಲು ಸೇರಿದ 1814–15ರ ವಿಯೆನ್ನಾ ಸಮಾವೇಶದ ಕಾಲದಲ್ಲಿ ಯುರೋಪಿನ ದೊರೆಗಳು ಕುಣಿದದ್ದು ಇಲ್ಲಿ. ಕತ್ತೆತ್ತಿ ಚಾವಣಿ ನೋಡಿ, ಮುಂದೆ ನಡೆಯಿರಿ.

ನಿಲ್ಲಬೇಕಾದದ್ದು ನೀಲಿ ಚೀನೀ ಕೋಣೆಯಲ್ಲಿ. ಚೀನಾದಿಂದ ತರಿಸಿದ ಚಿತ್ರಿತ ಕಾಗದವನ್ನು ಗೋಡೆಗೆ ಹೊದಿಸಿದ, ನಮ್ಮ ಊರಿನ ಸ್ಥಿತಿವಂತರ ಪಡಸಾಲೆಯಷ್ಟಿರುವ ಕೋಣೆ ಅದು. 1918ರ ನವೆಂಬರ್ 11ರಂದು ಕೊನೆಯ ಚಕ್ರವರ್ತಿ ಕಾರ್ಲ್, ಇನ್ನು ಮುಂದೆ ರಾಜ್ಯಾಡಳಿತದಲ್ಲಿ ತಾನು ಭಾಗವಹಿಸುವುದಿಲ್ಲವೆಂಬ ಪತ್ರಕ್ಕೆ ಸಹಿ ಹಾಕಿದ್ದು ಇಲ್ಲಿಯೇ. ಮಾರನೆಯ ದಿನ ಗಣರಾಜ್ಯದ ಘೋಷಣೆಯಾಯಿತು. ಆರು ಶತಮಾನಗಳಿಗೂ ಹೆಚ್ಚು ಕಾಲ ನಡೆದ ಆಳ್ವಿಕೆ ಮುಗಿದದ್ದು ಮೊದಲು ಹೇಳಿದ ಹಜಾರದಲ್ಲಲ್ಲ, ಹಕ್ಕಿ ಹೂಗಳ ಚಿತ್ರದ ನಡುವೆ.

ಸ್ವಲ್ಪ ಮುಂದೆ ನೆಪೋಲಿಯನ್ ಕೋಣೆ ಇದೆ. 1805ರಲ್ಲಿ ಮತ್ತು 1809ರಲ್ಲಿ ವಿಯೆನ್ನಾವನ್ನು ಹಿಡಿದಾಗ ನೆಪೋಲಿಯನ್ ಉಳಿದುಕೊಂಡದ್ದು ಈ ಅರಮನೆಯಲ್ಲಿ. ನಂತರ ಸೋತ ಹ್ಯಾಬ್ಸ್‌ಬರ್ಗರ ಮಗಳನ್ನೇ ಮದುವೆಯಾದ. ಅವರಿಗೆ ಹುಟ್ಟಿದ ಗಂಡುಮಗು, ಅಪ್ಪ ಪದಚ್ಯುತನಾದ ಮೇಲೆ, ತಾಯಿಯ ತವರಿನಲ್ಲಿ ಬೆಳೆದು 1832ರಲ್ಲಿ ಇಪ್ಪತ್ತೊಂದರ ವಯಸ್ಸಿಗೆ ಕ್ಷಯದಿಂದ ಇಲ್ಲಿ ಸತ್ತ. ಹುಡುಗನ ಮುಖದ ಮೇಲೆ ಅಚ್ಚೊತ್ತಿ ತೆಗೆದ ಮುಖವಾಡವೂ, ಅವನು ಸಾಕಿದ್ದ ಜುಟ್ಟಿನ ಬಾನಾಡಿಯೂ ಆ ಕೋಣೆಯಲ್ಲಿವೆ. ಹಕ್ಕಿಗೆ ಒಳಗೆ ಹೊಟ್ಟು ತುಂಬಿ ಗಾಜಿನೊಳಗೆ ಇಟ್ಟಿದ್ದಾರೆ. ಗುಬ್ಬಿಗಿಂತ ತುಸು ದೊಡ್ಡ, ಮಣ್ಣು ಬಣ್ಣದ ಹಕ್ಕಿ, ಹುಡುಕದಿದ್ದರೆ ತಪ್ಪಿಹೋಗುತ್ತದೆ. ನಾನು ಮೊದಲ ಸಲ ಅದನ್ನು ನೋಡಿರಲೇ ಇಲ್ಲ.

ನಿಮ್ಮ ತಂದೆಯವರಿಗಾಗಿ ನಾನು ಎತ್ತಿಟ್ಟಿರುವುದು ಮಿಲಿಯನ್ ಕೋಣೆ. ಬೀಟೆಯನ್ನು ಹೋಲುವ ಬಲು ದುಬಾರಿ ಮರದ ಹಲಗೆಗಳನ್ನು ಗೋಡೆಗೆ ಹೊದಿಸಿರುವುದರಿಂದ ಅದಕ್ಕೆ ಆ ಹೆಸರು. ಹಲಗೆಗಳ ನಡುವೆ ಬಂಗಾರದ ಬಳ್ಳಿಯಂತೆ ಸುತ್ತಿಕೊಂಡ ಚೌಕಟ್ಟುಗಳಿವೆ. ಅವುಗಳ ಒಳಗಿರುವುದು ನಮ್ಮ ದೇಶದ ಮೊಗಲ್ ಚಿಕಣಿ ಚಿತ್ರಗಳು. ದರ್ಬಾರು, ಬೇಟೆ, ಮರದಡಿಯ ಮಾತುಕತೆ, ಉದ್ಯಾನದಲ್ಲಿ ಕುಳಿತ ಹೆಂಗಸರು. ಹತ್ತಿರದಿಂದ ನೋಡಿದರೆ ಒಂದು ಸಂಗತಿ ಗೊತ್ತಾಗುತ್ತದೆ. ಚೌಕಟ್ಟುಗಳು ಅಂಕುಡೊಂಕಾಗಿವೆ, ಚಿತ್ರಗಳು ಅಸಲಿಗೆ ಪುಸ್ತಕದ ಹಾಳೆಯಂತೆ ಆಯತಾಕಾರದವು. ಆದ್ದರಿಂದ ರಾಜಮನೆತನದವರು ಕತ್ತರಿ ಹಿಡಿದು ಚಿತ್ರಗಳನ್ನು ತುಂಡರಿಸಿ, ಒಂದರ ಮನುಷ್ಯರನ್ನು ಇನ್ನೊಂದರ ಬಯಲಿಗೆ ಅಂಟಿಸಿ, ಚೌಕಟ್ಟು ತುಂಬುವಂತೆ ಹೊಸ ದೃಶ್ಯಗಳನ್ನು ಜೋಡಿಸಿದ್ದಾರೆ. ಅಳಿಲಿನ ಕೂದಲಿನ ಕುಂಚದಲ್ಲಿ ಗಡ್ಡದ ಒಂದೊಂದು ಎಳೆಯನ್ನೂ ಬರೆದ ಕಲಾವಿದರ ಕೆಲಸ ಅದು. ಸಿಟ್ಟು ಬರುವುದು ಸಹಜ, ನನಗೂ ಬಂತು. ಆದರೆ ಆ ಚಿತ್ರಗಳನ್ನು ಸಾಮ್ರಾಜ್ಯದ ಅತಿ ಬೆಲೆಬಾಳುವ ಗೋಡೆಗೆ ಏರಿಸುವಷ್ಟು ಅವರು ಮೆಚ್ಚಿದ್ದರು ಎಂಬುದೂ ನಿಜ. ಇನ್ನೊಂದು ವಿಷಯ: ಡಚ್ ಚಿತ್ರಕಾರ ರೆಂಬ್ರಾಂಟ್ ಹದಿನೇಳನೇ ಶತಮಾನದಲ್ಲಿ ಮೊಗಲ್ ಚಿತ್ರಗಳನ್ನು ನೋಡಿ ಹಲವು ನಕಲುಗಳನ್ನು ಬರೆದುಕೊಂಡಿದ್ದ. ಮರದ ಕೆಳಗೆ ಕುಳಿತ ನಾಲ್ವರು ಮುಲ್ಲಾಗಳ ಅವನ ರೇಖಾಚಿತ್ರ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದರ ಮೂಲವೆಂದು ಗುರುತಿಸಿರುವ ಚಿತ್ರ ಇದೇ ಕೋಣೆಯಲ್ಲಿದೆ. ನಿಮ್ಮ ತಂದೆಯವರನ್ನು ಇಲ್ಲಿ ಹತ್ತು ನಿಮಿಷ ಅವರ ಪಾಡಿಗೆ ಬಿಟ್ಟುಬಿಡಿ.

ಇನ್ನು ವ್ಯವಹಾರದ ಮಾತು. ಟಿಕೆಟಿನಲ್ಲಿ ಬಗೆಗಳಿವೆ, ಕಡಿಮೆ ಬೆಲೆಯದರಲ್ಲಿ ಎಲ್ಲ ಕೋಣೆಗಳೂ ಸೇರಿರುವುದಿಲ್ಲ. ಮಿಲಿಯನ್ ಕೋಣೆ ಇದೆಯೇ ಎಂದು ನೋಡಿಕೊಂಡೇ ದುಡ್ಡು ಕೊಡಿ. ಟಿಕೆಟಿನ ಮೇಲೆ ಒಳಗೆ ಹೋಗುವ ಸಮಯ ನಮೂದಾಗಿರುತ್ತದೆ, ಆದ್ದರಿಂದ ಮುಂಚಿತವಾಗಿ ಆನ್‌ಲೈನಿನಲ್ಲಿ ದಿನದ ಮೊದಲ ಹೊತ್ತನ್ನೇ ಕಾಯ್ದಿರಿಸಿ. ಊರ ನಡುವಿನಿಂದ ಯು4 ಮೆಟ್ರೋ ಹಿಡಿದು ಷೋನ್‌ಬ್ರುನ್ ನಿಲ್ದಾಣದಲ್ಲಿ ಇಳಿದರೆ ಸ್ವಲ್ಪವೇ ನಡಿಗೆ. ಕೋಣೆಗಳ ಸಾಲು ಮೊದಲ ಅಂತಸ್ತಿನಲ್ಲಿರುವುದರಿಂದ, ಅಮ್ಮನಿಗೆ ಮಂಡಿನೋವಿದ್ದರೆ ಬಾಗಿಲಲ್ಲೇ ಲಿಫ್ಟಿನ ಬಗ್ಗೆ ಕೇಳಿ. ದೊಡ್ಡ ಚೀಲ ಒಯ್ಯಬೇಡಿ.

ಒಳಗಿನಿಂದ ಬಂದ ಮೇಲೆ ಹಿಂದಿನ ಉದ್ಯಾನಕ್ಕೆ ಹೋಗಿ. ಅದಕ್ಕೆ ಟಿಕೆಟಿಲ್ಲ, 1779ರಿಂದಲೂ ಜನಸಾಮಾನ್ಯರಿಗೆ ತೆರೆದಿದೆ. ಎದುರಿನ ಗುಡ್ಡದ ನೆತ್ತಿಯಲ್ಲಿ 1775ರಲ್ಲಿ ಕಟ್ಟಿದ ಗ್ಲೋರಿಯೆಟ್ ಎಂಬ ಕಮಾನುಗಳ ಮಂಟಪ ಇದೆ, ಅಲ್ಲಿಂದ ಹಳದಿ ಅರಮನೆಯೂ ಅದರಾಚೆಯ ವಿಯೆನ್ನಾವೂ ಕಾಣುತ್ತವೆ. ದಾರಿ ಸುತ್ತಿ ಸುತ್ತಿ ಏರುತ್ತದೆ, ಹಿರಿಯರಿಗೆ ಏದುಸಿರು ಬರುವಂಥದ್ದು. ಅವರು ಕೆಳಗೆ ನೆಪ್ಟ್ಯೂನ್ ಕಾರಂಜಿಯ ಬಳಿ ಕುಳಿತಿರಲಿ, ನೀವೊಬ್ಬರೇ ಹತ್ತಿ ಇಳಿದು ಬನ್ನಿ.