ಎಳೆಯದೆ ಹೊಲಿಯುವುದು

ಪ್ರಶ್ನೆ: ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುತ್ತೇನೆ. ಚೀನಾದ ದಾವೋ ಪಂಥದ ‘ವೂ ವೇ’ ಅಂದರೆ ಏನೂ ಮಾಡದೆ ಕೂರುವುದಂತೆ. ಪೀಸ್ ಲೆಕ್ಕದ ಕೂಲಿಯವರಿಗೆ ಅದು ಒಗ್ಗೀತೇ?

ಉತ್ತರ: ಖಂಡಿತ ಒಗ್ಗುತ್ತದೆ. ಅದು ಸುಮ್ಮನೆ ಕೂರುವುದಲ್ಲ, ಕೆಲಸದ ಮೇಲೆ ಬಲವಂತ ಹೇರದಿರುವುದು. ದಾವೋ ಪಂಥದ ಹಳೆಯ ಗ್ರಂಥ ಝುವಾಂಗ್‌ಜಿಯಲ್ಲಿ ಬರುವ ಅಡುಗೆಯವ ಡಿಂಗ್, ಎತ್ತಿನ ಕೀಲುಗಳ ಸಂದಿನಲ್ಲೇ ಕತ್ತಿ ಆಡಿಸುತ್ತಾನೆ. 19 ವರ್ಷವಾದರೂ ಅದು ಮೊಂಡಾಗಿಲ್ಲ. ಕಷ್ಟದ ಜಾಗ ಬಂದರೆ ನಿಧಾನಿಸುತ್ತಾನೆ. ಜನ ಮರೆಯುವುದು ಇದನ್ನೇ. ನೀವೂ ಮಡಿಕೆ ದಪ್ಪವಿದ್ದಲ್ಲಿ ಬಟ್ಟೆ ಎಳೆದರೆ ಸೂಜಿ ಬಾಗಿ ಮುರಿಯುತ್ತದೆ. 16 ಅಥವಾ 18ನೇ ನಂಬರಿನ ಸೂಜಿ ಹಾಕಿ, ವೇಗ ತಗ್ಗಿಸಿ. ಯಂತ್ರದ ಪಾದದ ಕೆಳಗಿನ ಹಲ್ಲುಗಳೇ ಬಟ್ಟೆ ಸಾಗಿಸಲಿ.

ಕೆಲಸ ಮುಗಿದ ಮೇಲೆ 10 ನಿಮಿಷ ದಾವೋ ಪಂಥದ ಧ್ಯಾನ ‘ಜುವೋವಾಂಗ್’ ಮಾಡಿ, ಅಂದರೆ ಕೂತು ಮರೆಯುವುದು. ಬೆನ್ನು ನೆಟ್ಟಗಿರಲಿ. ಉಸಿರನ್ನು ಹೊಟ್ಟೆಗೆ ದಬ್ಬಬೇಡಿ. ದಬ್ಬಿದರೆ ಎದೆ ಬಿಗಿಯುತ್ತದೆ.