ಬೆಣ್ಣೆ ದೋಸೆ ಊರಲ್ಲಿ ಚೀಸ್ ಅಂಗಡಿ

ಪ್ರಶ್ನೆ: ನಮ್ಮ ಬೀದಿ ಮೂಲೆಯ ಕಿರಾಣಿ ಅಂಗಡಿ ಮುಚ್ಚಿ, ಅಲ್ಲೀಗ ಎಸಿ ಹಾಕಿದ ದುಬಾರಿ ತಿನಿಸಿನ ಅಂಗಡಿ ಬಂದಿದೆ. ಅಂಗೈಯಗಲದ ಚೀಸ್ ತುಂಡಿಗೆ 400 ರೂಪಾಯಿ! ಪಕ್ಕದ ಮನೆಯವರು ಅದನ್ನು ಮ್ಯೂಸಿಯಂ ಅಂತಾರೆ. ನಮ್ಮತ್ತೆ, "ರೇಟು ಕೇಳಿದ್ರೇ ಹೊಟ್ಟೆ ತುಂಬುತ್ತೆ ಬಿಡು" ಅಂತಾರೆ. ಮಗಳಿಗೆ ಮಾತ್ರ ಅಲ್ಲಿಯದೇ ಬೇಕು. ಅಷ್ಟು ಬೆಲೆ ಬಾಳುತ್ತಾ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ನಿಮ್ಮತ್ತೆ ಮಾತಿಗೆ ನಾನೂ ನಕ್ಕೆ. ಆದರೆ ಚೀಸ್ ವಿಷಯದಲ್ಲಿ ಅಂಗಡಿಯವರನ್ನು ಸುಮ್ನೆ ಬೈಯುವಂತಿಲ್ಲ. ಒಂದು ಕೆಜಿ ಗಟ್ಟಿ ಚೀಸಿಗೆ ಸುಮಾರು 10 ಲೀಟರ್ ಹಾಲು ಬೇಕು, ಆಮೇಲೆ ಅದನ್ನು ತಂಪಲ್ಲಿಟ್ಟು ತಿಂಗಳುಗಟ್ಟಲೆ ಕಾಯಬೇಕು, ಹೊರದೇಶದ್ದಾದರೆ ಸುಂಕ, ಸಾಗಣೆ ಬೇರೆ. ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆಯೂ ಹಾಗೇ. ರಾಸಾಯನಿಕ ಹಾಕದೆ, ಜಾಸ್ತಿ ಬಿಸಿ ಮಾಡದೆ ತೆಗೆದದ್ದು, ಹೆಚ್ಚುಕಡಿಮೆ ನಮ್ಮ ಗಾಣದೆಣ್ಣೆ ಇದ್ದಂತೆ. ಮಂಡಕ್ಕಿ ಜೊತೆಗೆ ಅಂತ ಅದರಲ್ಲಿ ಮಿರ್ಚಿ ಕರಿಯಬೇಡಿ ಮತ್ತೆ, ದುಡ್ಡು ದಂಡ!

ನನಗೆ ಸಿಟ್ಟು ಬರುವುದು ಅದೇ ಸಾಲಿನಲ್ಲಿ ನವಣೆ, ಬೆಲ್ಲವನ್ನೂ ಚಂದದ ಡಬ್ಬಿಗೆ ತುಂಬಿ ಮೂರುಪಟ್ಟು ಬೆಲೆಗೆ ಇಡುತ್ತಾರಲ್ಲ, ಅದಕ್ಕೆ. ಡಬ್ಬಿಗೇ ದುಡ್ಡು ಕೊಟ್ಟಂತೆ. ಕೊಳ್ಳುವ ಮುಂಚೆ ತೂಕ ನೋಡಿ, ನೂರು ಗ್ರಾಂಗೆ ಎಷ್ಟು ಬೀಳುತ್ತೆ ಅಂತ ಲೆಕ್ಕ ಹಾಕಿ.

ಮಗಳಿಗೆ ತಿಂಗಳಿಗೊಂದು ಸಲ ಒಂದು ತುಂಡು ಕೊಡಿಸಿ, ಅತ್ತೆಗೂ ಸ್ವಲ್ಪ ರುಚಿ ತೋರಿಸಿ. ಅಂದಹಾಗೆ, ಆ ಕಿರಾಣಿಯವರು ಈಗ ಎಲ್ಲಿ ಅಂಗಡಿ ಇಟ್ಟಿದ್ದಾರೆ? ತಿಂಗಳ ಕೊನೆಯಲ್ಲಿ ಉದ್ರಿ ಕೊಡುತ್ತಿದ್ದವರು ಅವರೇ ಅಲ್ವಾ?