ಮನೆ ರಿಪೇರಿ ಪ್ರಶ್ನೋತ್ತರ: ಗಾಳಿಮಳೆ ಸೀಮೆಯ ಚಿಮಣಿಗೆ ನೆತ್ತಿ ಮತ್ತು ಟೋಪಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಚಿಮಣಿ ಸೋರಿಕೆಯವು. ಕೊಡಗು, ಮಲೆನಾಡು, ಕರಾವಳಿಯ ಜೊತೆಗೆ ಇಂಗ್ಲೆಂಡಿನಿಂದಲೂ ಒಂದು ಪತ್ರವಿದೆ. ಚಿಮಣಿಯ ತುದಿಯಲ್ಲಿ ಇಟ್ಟಿಗೆಯನ್ನು ಮುಚ್ಚುವ ಕಾಂಕ್ರೀಟ್ ಹಾಸನ್ನು ಇಲ್ಲಿ ‘ನೆತ್ತಿ’ ಎಂದೂ, ಹೊಗೆ ಹೊರಡುವ ಬಾಯಿಯ ಮೇಲಿನ ಮುಚ್ಚಳವನ್ನು ‘ಟೋಪಿ’ ಎಂದೂ ಕರೆದಿದ್ದೇವೆ.

ಪ್ರಶ್ನೆ: ಮಡಿಕೇರಿ ಹತ್ತಿರ ಕಾಫಿ ತೋಟದ ಹಳೆಯ ಮನೆ ನಮ್ಮದು. ಇಟ್ಟಿಗೆ ಚಿಮಣಿಯ ತಲೆಯ ಮೇಲಿನ ಸಿಮೆಂಟ್ ನಾಲ್ಕಾರು ಕಡೆ ಬಿರುಕು ಬಿಟ್ಟಿದೆ. ಡಾಂಬರು, ಸಿಮೆಂಟ್ ಹಾಲು ಎರಡನ್ನೂ ಬಳಿಸಿ ನೋಡಿದೆವು. ಜುಲೈ ಬಂತೆಂದರೆ ಅಗ್ಗಿಷ್ಟಿಕೆಯ ಗೋಡೆ ಮತ್ತೆ ನೆನೆಯುತ್ತದೆ. ಪೂರ್ತಿ ಒಡೆಸಬೇಕೇ? ಸಾಮಾನು ಎಷ್ಟು ಬೇಕು? ಚಿಮಣಿಯ ಹೊರಅಳತೆ ಮೂರಡಿಗೆ ಎರಡಡಿ. ನಡುವೆ ಒಂದಡಿ ಚೌಕದ ಸುಟ್ಟಮಣ್ಣಿನ ಹೊಗೆಕೊಳವೆ ಇದೆ. – ಓದುಗರು, ಮಡಿಕೇರಿ

ಉತ್ತರ: ಒಡೆಸುವ ಮೊದಲು ನೀರು ಎಲ್ಲಿಂದ ಇಳಿಯುತ್ತಿದೆ ಎಂದು ಖಚಿತ ಮಾಡಿಕೊಳ್ಳಿ. ಮಳೆಯಿಲ್ಲದ ದಿನ ಒಬ್ಬರು ಒಳಗೆ ಟಾರ್ಚ್ ಹಿಡಿದು ನಿಲ್ಲಲಿ, ಇನ್ನೊಬ್ಬರು ಮೇಲೆ ಪೈಪಿನಲ್ಲಿ ನೀರು ಬಿಡಲಿ. ಕೆಳಗಿನಿಂದ ಮೇಲಕ್ಕೆ ಹೋಗಬೇಕು: ಮೊದಲು ಮಾಡಿಗೂ (ಛಾವಣಿಗೂ) ಚಿಮಣಿಗೂ ಕೂಡುವ ತಗಡಿನ ಸಂದಿ, ಆಮೇಲೆ ಇಟ್ಟಿಗೆಯ ಮೈ, ಆಮೇಲೆ ನೆತ್ತಿ, ಕೊನೆಗೆ ಟೋಪಿ. ಒಂದೊಂದು ಕಡೆಯೂ ಹದಿನೈದು ನಿಮಿಷವಾದರೂ ನೀರು ಹರಿಯಲಿ. ನೆತ್ತಿಯಿಂದಲೇ ಶುರು ಮಾಡಿದರೆ ನೀರು ಕೆಳಗೆಲ್ಲ ಹರಿದು, ಯಾವುದು ಸೋರಿದ್ದು ಎಂದು ಗೊತ್ತಾಗುವುದೇ ಇಲ್ಲ.

ತಪ್ಪು ನೆತ್ತಿಯದೇ ಎಂದಾದರೆ ಬಿರುಕಿನ ಅಗಲ ನೋಡಿ. ಕೂದಲೆಳೆಯಂಥ ಬಿರುಕಾಗಿದ್ದು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಗಟ್ಟಿ ಸದ್ದು ಬಂದರೆ ಒಡೆಯಬೇಕಿಲ್ಲ. ಪಾಚಿಯನ್ನು ತಂತಿ ಬ್ರಷ್‌ನಿಂದ ಕೆರೆದು, ಪೂರ್ತಿ ಒಣಗಿಸಿ, ರಬ್ಬರಿನಂತೆ ಎಳೆದಾಡುವ ಎಲಾಸ್ಟೊಮೆರಿಕ್ ಲೇಪವನ್ನು ಎರಡು ಕೈ ಹಚ್ಚಿದರೆ ಸಾಕು. ಬಿರುಕಿಗೆ ಮೂರು ಮಿಲಿಮೀಟರಿನಷ್ಟು ದಪ್ಪದ ತಗಡು ಹೋಗುವಂತಿದ್ದರೆ, ಟೊಳ್ಳು ಸದ್ದು ಬಂದರೆ, ತುಂಡುಗಳು ಅಲುಗಾಡಿದರೆ ಒಡೆಸಲೇಬೇಕು. ನಿಮ್ಮ ವಿವರಣೆ ನೋಡಿದರೆ ನಿಮ್ಮದು ಎರಡನೆಯ ಬಗೆ.

ಹಳೆಯದು ಏಕೆ ನಿಲ್ಲಲಿಲ್ಲ ಎಂಬುದನ್ನು ತಿಳಿದುಕೊಂಡೇ ಹೊಸದನ್ನು ಹಾಕಿಸಿ. ಇಟ್ಟಿಗೆ ಕಟ್ಟಿ ಉಳಿದ ಗಾರೆಯನ್ನೇ ಮೇಲೆ ಮೆತ್ತಿ ಕೈಬಿಡುವುದು ಎಲ್ಲೆಡೆ ಕಾಣುವ ರೂಢಿ. ಅದು ನಡುವೆ ದಪ್ಪ, ಅಂಚಿಗೆ ಬರುತ್ತ ಹಪ್ಪಳದಷ್ಟು ತೆಳು. ಆ ತೆಳು ಅಂಚು ಮೊದಲು ಏಳುತ್ತದೆ. ಎರಡನೆಯ ತಪ್ಪು, ಅಂಚು ಇಟ್ಟಿಗೆಯ ಮೈಗೆ ಸರಿಸಮ ನಿಂತುಬಿಡುವುದು. ನೆತ್ತಿಯ ನೀರೆಲ್ಲ ಆಗ ಗೋಡೆಯ ಮೇಲೆಯೇ ಹರಿಯುತ್ತದೆ. ಮೂರನೆಯದನ್ನು ಯಾರೂ ಗಮನಿಸುವುದಿಲ್ಲ. ಬೆಂಕಿ ಹಾಕಿದಾಗ ಹೊಗೆಕೊಳವೆ ಕಾದು ಹಿಗ್ಗುತ್ತದೆ, ಹೊರಗಿನ ಇಟ್ಟಿಗೆ ತಣ್ಣಗೇ ಇರುತ್ತದೆ. ಎರಡನ್ನೂ ಗಾರೆಯಿಂದ ಬಿಗಿದಿದ್ದರೆ ನೆತ್ತಿ ಸೀಳಲೇಬೇಕು. ಡಾಂಬರು ಬಳಿದು ಉಪಯೋಗವಾಗದ್ದೂ ಇದಕ್ಕೇ: ಬಿಸಿಲಿಗೆ ಅದು ಗಡುಸಾಗಿ, ಕೊಳವೆ ಹಿಗ್ಗಿದಾಗ ತಾನೂ ಒಡೆಯುತ್ತದೆ.

ಹೊಸ ನೆತ್ತಿ ಸುತ್ತಲೂ ಎರಡೂವರೆ ಇಂಚು ಹೊರಚಾಚಿರಲಿ. ದಪ್ಪ ಅಂಚಿನಲ್ಲಿ ಎರಡಿಂಚು, ಕೊಳವೆಯ ಬಳಿ ನಾಲ್ಕಿಂಚು. ಈ ವ್ಯತ್ಯಾಸವೇ ಇಳಿಜಾರು. ಹೊರಚಾಚಿದ ಭಾಗದ ಕೆಳಮೈಯಲ್ಲಿ, ಇಟ್ಟಿಗೆಯಿಂದ ಒಂದಿಂಚು ಆಚೆಗೆ, ಅರ್ಧ ಇಂಚಿನ ತೋಡು ಸುತ್ತಲೂ ಬರಬೇಕು. ಕಾಂಕ್ರೀಟಿಗೆ ಅಚ್ಚಾಗುವ ಸೆಂಟ್ರಿಂಗ್ ಹಲಗೆಯ ಮೇಲೆ ಅರ್ಧ ಇಂಚಿನ ಮರದ ರೀಪನ್ನು ಎಣ್ಣೆ ಸವರಿ ಹೊಡೆದಿಟ್ಟು, ಕಾಂಕ್ರೀಟ್ ಗಟ್ಟಿಯಾದ ಮೇಲೆ ತೆಗೆದರೆ ತೋಡು ತಾನೇ ಸಿಗುತ್ತದೆ. ಕೆಳಮೈಗೆ ಅಂಟಿಕೊಂಡು ಒಳಕ್ಕೆ ತೆವಳುವ ನೀರು ಆ ತೋಡಿಗೆ ಬಂದು ತೊಟ್ಟಿಕ್ಕಿ ಬಿದ್ದುಹೋಗುತ್ತದೆ. ಗಾಳಿಮಳೆಯ ಊರಿನಲ್ಲಿ ತೋಡಿಲ್ಲದ ಹೊರಚಾಚು ಅರ್ಧ ಕೆಲಸವಷ್ಟೇ.

ಕಾಂಕ್ರೀಟ್ ಹಾಕುವ ಮುಂಚೆ ಹೊಗೆಕೊಳವೆಗೆ ಕಾಲು ಇಂಚು ದಪ್ಪದ ಥರ್ಮಾಕೋಲ್ ಪಟ್ಟಿ ಸುತ್ತಿ. ಏಳು ದಿನ ಕಳೆದ ಮೇಲೆ ಪಟ್ಟಿಯನ್ನು ಕೆರೆದು ತೆಗೆದು, ಆ ಸಂದಿಗೆ ಸೆರಾಮಿಕ್ ನಾರಿನ ಹಗ್ಗ ತುರುಕಿ, ಮೇಲೆ ಹೆಚ್ಚು ಬಿಸಿ ತಡೆಯುವ ಸಿಲಿಕೋನ್ ಸೀಲೆಂಟ್ ತುಂಬಿ. ಕೊಳವೆ ಇನ್ನು ಹಿಗ್ಗಿದರೂ ನೆತ್ತಿಗೆ ಏನೂ ಆಗದು. ಕೊಳವೆಯ ಬಾಯಿ ಹೊಸ ಕಾಂಕ್ರೀಟಿಗಿಂತ ಎರಡಿಂಚಾದರೂ ಮೇಲಿರಬೇಕು. ಗಿಡ್ಡವಾಗುವುದಾದರೆ ಮೊದಲೇ ಇನ್ನೊಂದು ತುಂಡು ಕೂರಿಸಿ.

ಲೆಕ್ಕ ಹೀಗಿದೆ. ನಿಮ್ಮ ಅಳತೆಗೆ ಹಾಸು ಸುಮಾರು 104ಕ್ಕೆ 74 ಸೆಂಟಿಮೀಟರ್ ಆಗುತ್ತದೆ. ಕೊಳವೆಯ ಜಾಗ ಕಳೆದು, ಸರಾಸರಿ ಏಳೂವರೆ ಸೆಂಟಿಮೀಟರ್ ದಪ್ಪ ಹಿಡಿದರೆ ಸುಮಾರು 51 ಲೀಟರ್ ಕಾಂಕ್ರೀಟ್. ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಮರಳು, ಮೂರು ಪಾಲು 12 ಮಿಲಿಮೀಟರ್ ಜಲ್ಲಿಯ ಮಿಶ್ರಣಕ್ಕೆ ಅರ್ಧ ಚೀಲ ಸಿಮೆಂಟ್, 26 ಲೀಟರ್ ಮರಳು, 52 ಲೀಟರ್ ಜಲ್ಲಿ ತರಿಸಿ, ಸ್ವಲ್ಪ ಉಳಿಯುತ್ತದೆ. ನೀರು 12 ಲೀಟರಿಗಿಂತ ಹೆಚ್ಚು ಬೇಡ. ಸಲೀಸಾಗಿ ಹರಿಯಲೆಂದು ಇನ್ನೊಂದು ಕೊಡ ಸುರಿದರೆ ಒಣಗುವಾಗಲೇ ಬಿರುಕು ಬರುತ್ತದೆ. ಆರು ಮಿಲಿಮೀಟರಿನ ಕಂಬಿಯನ್ನು ಆರಿಂಚಿಗೊಂದರಂತೆ ಎರಡೂ ದಿಕ್ಕಿಗೆ ಕಟ್ಟಿ, ಕಂಬಿಯನ್ನು ಎತ್ತಿ ಹಿಡಿಯಲು ಕೆಳಗೆ ಒಂದಿಂಚಿನ ಕವರ್ ಬಿಲ್ಲೆ ಇಡಿ. ಕೊಳವೆಯ ನಾಲ್ಕೂ ಮೂಲೆಗೆ ಒಂದೊಂದು ಓರೆ ಕಂಬಿ ಬೇಕು, ಏಕೆಂದರೆ ಬಿರುಕು ಹುಟ್ಟುವುದು ಮೂಲೆಯಿಂದ. ಹಸಿ ಕಾಂಕ್ರೀಟ್ 120 ಕಿಲೋದಷ್ಟು ತೂಗುತ್ತದೆ. ಸೆಂಟ್ರಿಂಗಿಗೆ ಕೆಳಗಿನಿಂದ ಗಟ್ಟಿ ಆಸರೆ ಇರಲಿ, ಹೆಂಚಿನ ಮೇಲೆ ಭಾರ ಬೀಳದಂತೆ ಸಾರವೆ ಕಟ್ಟಿಸಿ. ಒದ್ದೆ ಗೋಣಿತಾಟು ಹೊದಿಸಿ ಕನಿಷ್ಠ ಏಳು ದಿನ ನೀರುಣಿಸಿ. ಡಿಸೆಂಬರಿನಿಂದ ಮಾರ್ಚ್‌ವರೆಗಿನ ಅವಧಿ ಈ ಕೆಲಸಕ್ಕೆ ಒಳ್ಳೆಯದು.

ಸಾರವೆ ಇದ್ದಾಗಲೇ ನೈಋತ್ಯ ಮುಖದ ಇಟ್ಟಿಗೆ ಸಂದುಗಳನ್ನೂ ನೋಡಿಸಿ. ಮುಂಗಾರಿನ ಇರಚಲು ಹೊಡೆಯುವುದು ಅಲ್ಲಿಗೇ. ಉದುರಿದ ಸಂದನ್ನು ಮುಕ್ಕಾಲು ಇಂಚು ಆಳಕ್ಕೆ ಕೆರೆದು ಸಿಮೆಂಟ್, ಸುಣ್ಣ, ಮರಳು 1:1:6ರ ಗಾರೆ ತುಂಬಿಸಿ. ಬರೀ ಸಿಮೆಂಟಿನ ಗಡುಸು ಗಾರೆ ಹಳೆಯ ಮೆತ್ತನೆಯ ಇಟ್ಟಿಗೆಗೆ ಹೊಂದುವುದಿಲ್ಲ: ಸಂದು ಉಳಿದು ಇಟ್ಟಿಗೆಯ ಮುಖವೇ ಸಿಪ್ಪೆ ಏಳುತ್ತದೆ. ಇಟ್ಟಿಗೆಗೆ ಪ್ಲಾಸ್ಟಿಕ್ಕಿನಂಥ ಪೇಂಟ್ ಬೇಡ. ಒಳಸೇರಿದ ತೇವ ಹೊರಬರಲು ದಾರಿಯಿರಬೇಕು. ಬೇಕಿದ್ದರೆ ಮಳೆನೀರು ತಡೆದು ಒಳಗಿನ ತೇವ ಹೊರಬಿಡುವ ಸಿಲೇನ್-ಸಿಲೋಕ್ಸೇನ್ ದ್ರಾವಣ ಹೊಡೆಸಿ.

ಪ್ರಶ್ನೆ: ಬಚ್ಚಲೊಲೆಗೆ ನಾಲ್ಕಿಂಚಿನ ತಗಡಿನ ಪೈಪು ಹಾಕಿ ಹೆಂಚಿನ ಮೇಲಕ್ಕೆ ಬಿಟ್ಟಿದ್ದೇವೆ. ಆಷಾಢದ ಗಾಳಿಗೆ ಹೊಗೆ ವಾಪಸು ಬರುತ್ತದೆ, ಟೋಪಿ ಇದ್ದರೂ ಮಳೆನೀರು ಒಲೆಗೆ ಬೀಳುತ್ತದೆ. ಪೈಪಿನ ಸುತ್ತ ಸಿಮೆಂಟ್ ಹಾಕಿದರೂ ಹೆಂಚಿನ ಹತ್ತಿರ ಸೋರುತ್ತದೆ. – ಓದುಗರು, ಶೃಂಗೇರಿ

ಉತ್ತರ: ಮೂರೂ ಬೇರೆಬೇರೆ ತೊಂದರೆಗಳು.

ಹೊಗೆ ವಾಪಸು ಬರುವುದಕ್ಕೆ ಮುಖ್ಯ ಕಾರಣ ಪೈಪಿನ ಎತ್ತರ. ಗಾಳಿ ಮಾಡಿನ ಕೋಳನ್ನು (ಎತ್ತರದ ಅಂಚನ್ನು) ದಾಟಿ ಆಚೆ ಬದಿಗೆ ಇಳಿಯುವಾಗ ಸುಳಿ ಏಳುತ್ತದೆ, ಗಿಡ್ಡ ಪೈಪಿನ ಬಾಯಿ ಆ ಸುಳಿಯೊಳಗೆ ಸಿಕ್ಕಿಕೊಳ್ಳುತ್ತದೆ. ಪೈಪು ಹೆಂಚಿನಿಂದ ಹೊರಬಂದ ಜಾಗಕ್ಕಿಂತ ಮೂರಡಿ ಮೇಲಿರಬೇಕು, ಜೊತೆಗೆ ಸುತ್ತ ಹತ್ತಡಿಯೊಳಗಿನ ಮಾಡು, ಗೋಡೆ ಎಲ್ಲಕ್ಕಿಂತ ಎರಡಡಿ ಎತ್ತರವಿರಬೇಕು. ಮಾಡಿನಿಂದ ಐದಡಿಗಿಂತ ಮೇಲೆ ಹೋದರೆ ಮೂರು ದಿಕ್ಕಿಗೆ ತಂತಿ ಎಳೆದು ಬಿಗಿಯಿರಿ. ಮನೆಯ ಹಿಂದೆಯೇ ಕಡಿದಾದ ಗುಡ್ಡವಿದ್ದರೆ ಎತ್ತರವೂ ಸಾಲದೆ ಹೋಗಬಹುದು. ಅಂಥಲ್ಲಿ ತುದಿಗೆ ಟಿ ಆಕಾರದ ತುಂಡು ಹಾಕಿ, ಅದರ ಎರಡೂ ತೋಳಿಗೆ ಒಂದೊಂದು ನೆಟ್ಟನೆ ಪೈಪು ಸೇರಿಸಿದರೆ ಎಚ್ ಆಕಾರ ಬರುತ್ತದೆ. ಮೇಲಿನಿಂದ ಅಪ್ಪಳಿಸಿದ ಗಾಳಿ ಆ ಪೈಪುಗಳ ಕೆಳಬಾಯಿಂದ ಹೊರಹೋಗುತ್ತದೆ, ಒಲೆಯವರೆಗೆ ಇಳಿಯುವುದಿಲ್ಲ. ತಿರುಗುವ ಟೋಪಿಯನ್ನು ಸೌದೆ ಒಲೆಗೆ ನಾವು ಹೇಳುವುದಿಲ್ಲ. ಹೊಗೆಯ ಅಂಟಿಗೆ ಅದರ ಬೇರಿಂಗ್ ಬೇಗ ಹಿಡಿದುಕೊಳ್ಳುತ್ತದೆ.

ಟೋಪಿಯ ಲೆಕ್ಕ ಸುಲಭ. ಪೈಪಿನ ವ್ಯಾಸದ ಕಾಲು ಭಾಗದಷ್ಟು ಎತ್ತರದಲ್ಲಿ ಮುಚ್ಚಳವಿದ್ದರೆ, ಸುತ್ತಲಿನ ತೆರಪು ಪೈಪಿನ ಬಾಯಿಗೆ ಸಮನಾಗುತ್ತದೆ. ನಾಲ್ಕಿಂಚಿಗೆ ಅದು ಒಂದೇ ಇಂಚು. ಇಲ್ಲಣ (ಹೊಗೆಮಸಿ) ಕಟ್ಟಿದರೆ ಅಷ್ಟೂ ಮುಚ್ಚಿಹೋಗುತ್ತದೆ, ಆದ್ದರಿಂದ ಮೂರಿಂಚು ಬಿಡಿ. ಮುಚ್ಚಳ ಎಂಟಿಂಚು ಅಗಲವಿದ್ದರೆ ಪೈಪಿನಿಂದ ಹೊರಗೆ ಎರಡೇ ಇಂಚು ಚಾಚುತ್ತದೆ, 45 ಡಿಗ್ರಿ ಓರೆಯ ಮಳೆ ನೇರ ಒಳಗೆ ಬರುತ್ತದೆ. ನಿಮ್ಮದು ಇದೇ ಇರಬೇಕು. ಹನ್ನೆರಡು ಇಂಚಿನ ಮುಚ್ಚಳ ಹಾಕಿ. ಇರಚಲು ಅದಕ್ಕಿಂತ ಅಡ್ಡಡ್ಡ ಹೊಡೆಯುವ ಜಾಗವಾದರೆ ಪೈಪಿನ ಬಾಯಿಯ ಸುತ್ತ ಎಂಟಿಂಚು ವ್ಯಾಸದ ತಗಡಿನ ಬಳೆಯೊಂದನ್ನು ಮೂರು ಪಟ್ಟಿಗಳಿಂದ ನಿಲ್ಲಿಸಿ: ಬಾಯಿಯಿಂದ ಎರಡಿಂಚು ಕೆಳಗೆ, ಎರಡಿಂಚು ಮೇಲೆ. ಮಳೆ ಬಳೆಗೆ ಬಡಿದು ಕೆಳಗೆ ಬೀಳುತ್ತದೆ, ಹೊಗೆ ಬಳೆಯ ಮೇಲಿಂದಲೂ ಕೆಳಗಿಂದಲೂ ಹೋಗುತ್ತದೆ. ಹಕ್ಕಿಗೂಡಿನ ಭಯಕ್ಕೆ ಜಾಲರಿ ಬೇಕೆಂದರೆ ಮುಕ್ಕಾಲು ಇಂಚಿನ ಕಣ್ಣಿನದನ್ನೇ ಹಾಕಿ. ಸೊಳ್ಳೆ ಪರದೆಯಂಥ ಸಣ್ಣ ಜಾಲರಿ ಒಂದೇ ಮಳೆಗಾಲದಲ್ಲಿ ಕಟ್ಟಿಕೊಳ್ಳುತ್ತದೆ. ಹಸಿ ಸೌದೆ ಉರಿಸುವ ಮನೆಯಲ್ಲಿ ಇನ್ನೂ ಬೇಗ, ಏಕೆಂದರೆ ಆ ಹೊಗೆಯ ತೇವವೂ ಅಂಟೂ ತಣ್ಣಗಿನ ಟೋಪಿಯಲ್ಲೇ ಮೊದಲು ಕೂರುತ್ತವೆ. ಮಳೆಗಾಲದ ನಡುವೆ ಎರಡು ಸಲವಾದರೂ ಟೋಪಿ ಬಿಚ್ಚಿ ಕೆರೆಯಿರಿ.

ಹೆಂಚಿನ ಬಳಿ ಸಿಮೆಂಟ್ ನಿಲ್ಲುವುದಿಲ್ಲ, ಪೈಪು ದಿನಕ್ಕೆರಡು ಸಲ ಕಾದು ಆರುತ್ತದಲ್ಲ. ಎರಡಡಿ ಚೌಕದ ತಗಡಿನ ನಡುವೆ ಆರಿಂಚು ಎತ್ತರದ ಕೊರಳು ಬೆಸೆಸಿ. ತಗಡಿನ ಮೇಲಂಚು ಮೇಲಿನ ಸಾಲು ಹೆಂಚಿನ ಅಡಿಗೆ, ಕೆಳಅಂಚು ಕೆಳಗಿನ ಸಾಲಿನ ಮೇಲಕ್ಕೆ ಬರಬೇಕು. ತಿರುಗಿ ಕೂತರೆ ನೀರೆಲ್ಲ ಒಳಗೆ. ಪೈಪು ಕೊರಳಿನೊಳಗೆ ಸಡಿಲವಾಗಿ ಹಾದುಹೋಗಲಿ. ಕೊರಳಿನ ಮೇಲೆ ಛತ್ರಿಯಂತೆ ಇನ್ನೊಂದು ತಗಡಿನ ಬಳೆಯನ್ನು ಪೈಪಿಗೆ ಬಿಗಿದರೆ ಮುಗಿಯಿತು. ಪಕಾಸಿ, ರೀಪುಗಳು ಬರಿಯ ಪೈಪಿನಿಂದ ಒಂದೂವರೆ ಅಡಿ ದೂರವಿರಬೇಕು. ಈ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಇಲ್ಲಣಕ್ಕೆ ಬೆಂಕಿ ಹಿಡಿದ ದಿನ ಪೈಪು ಕೆಂಪಗೆ ಕಾಯುತ್ತದೆ.

ಪ್ರಶ್ನೆ: ಜಿಐ ಟೋಪಿ ಎರಡೇ ವರ್ಷಕ್ಕೆ ತೂತಾಯಿತು. ಏನು ಹಾಕಿಸಲಿ? – ಓದುಗರು, ಕುಮಟಾ

ಉತ್ತರ: ಕೆಳಗಿನಿಂದ ಹೊಗೆಯ ಆಮ್ಲ, ಹೊರಗಿನಿಂದ ಕಡಲಿನ ಉಪ್ಪುಗಾಳಿ: ಜಿಐ ಮೇಲಿನ ಸತುವಿನ ಲೇಪಕ್ಕೆ ಎರಡನ್ನೂ ತಡೆಯುವ ಶಕ್ತಿಯಿಲ್ಲ. ಘಟ್ಟದ ಮೇಲಾದರೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸಾಕು, ನಿಮಗೆ 316 ದರ್ಜೆಯದು ಒಳ್ಳೆಯದು. ಸ್ಕ್ರೂ, ರಿವೆಟ್ ಕೂಡ ಸ್ಟೇನ್‌ಲೆಸ್ ಆಗಿರಬೇಕು. ಟೋಪಿ ಸ್ಟೀಲಿನದು, ಸ್ಕ್ರೂ ಕಬ್ಬಿಣದ್ದು ಆದರೆ ಮೊದಲ ಬಿರುಗಾಳಿಗೆ ಟೋಪಿ ತೋಟದಲ್ಲಿರುತ್ತದೆ.

ಪ್ರಶ್ನೆ: ಮ್ಯಾಂಚೆಸ್ಟರಿನಲ್ಲಿ ಹಳೆಯ ಸಾಲುಮನೆ ಕೊಂಡಿದ್ದೇವೆ. ಅಗ್ಗಿಷ್ಟಿಕೆ ಬಳಕೆಯಲ್ಲಿಲ್ಲ, ಮುಚ್ಚಿದ್ದಾರೆ. ಮಲಗುವ ಕೋಣೆಯಲ್ಲಿ ಚಿಮಣಿ ಗೋಡೆಯ ಮೇಲೆ ಕಂದು ಕಲೆ. ಮೇಲಿನ ಬಾಯನ್ನೂ ಸಿಮೆಂಟಿನಿಂದ ಮುಚ್ಚಿಸಿಬಿಡೋಣವೇ? – ಕನ್ನಡ ಕುಟುಂಬ, ಇಂಗ್ಲೆಂಡ್

ಉತ್ತರ: ಬೇಡ. ಮೇಲೂ ಕೆಳಗೂ ಮುಚ್ಚಿದ ಹೊಗೆದಾರಿಯಲ್ಲಿ ತೇವ ಸಿಕ್ಕಿಬೀಳುತ್ತದೆ. ಮೇಲೆ ಮಳೆ ತಡೆದು ಗಾಳಿ ಬಿಡುವ ಟೋಪಿ, ಕೆಳಗೆ ಮುಚ್ಚಿದ ಅಗ್ಗಿಷ್ಟಿಕೆಗೆ ಒಂದು ಗಾಳಿಕಿಂಡಿ, ಎರಡೂ ಬೇಕು.

ಮೊದಲು ಆ ಹೊಗೆದಾರಿಗೆ ಯಾವ ಉಪಕರಣವೂ ಜೋಡಿಸಿಲ್ಲವೆಂದು ಖಾತ್ರಿಪಡಿಸಿಕೊಳ್ಳಿ. ಸಾಲುಮನೆಯ ಒಂದೇ ಚಿಮಣಿಯಲ್ಲಿ ಎರಡೂ ಮನೆಯ ಹೊಗೆದಾರಿಗಳಿರುತ್ತವೆ. ಪಕ್ಕದವರ ಗ್ಯಾಸ್ ಹೀಟರಿನ ದಾರಿಗೆ ತಪ್ಪಿ ಟೋಪಿ ಬಿದ್ದರೆ ಕಾರ್ಬನ್ ಮೊನಾಕ್ಸೈಡ್ ಅವರ ಮನೆಯೊಳಗೆ ತುಂಬಿ ಜೀವಕ್ಕೇ ಅಪಾಯ. ಗ್ಯಾಸ್ ಇದ್ದರೆ ಗ್ಯಾಸ್ ಸೇಫ್ (ಅಲ್ಲಿನ ಗ್ಯಾಸ್ ಕೆಲಸಗಾರರ ಅಧಿಕೃತ ನೋಂದಣಿ) ಪಟ್ಟಿಯಲ್ಲಿರುವವರನ್ನೇ ಕರೆಯಿರಿ. ಕಟ್ಟಡ ಇಬ್ಬರಿಗೂ ಸೇರಿದ್ದರಿಂದ ನೆರೆಯವರಿಗೆ ಮೊದಲೇ ತಿಳಿಸಿ. ಗೋಡೆಗೆ ಕೈಹಾಕುವ ದೊಡ್ಡ ಕೆಲಸವಾದರೆ ಇಬ್ಬರ ನಡುವಿನ ಗೋಡೆಗೆ ಸಂಬಂಧಿಸಿದ 1996ರ ಪಾರ್ಟಿ ವಾಲ್ ಕಾಯ್ದೆಯೂ ಅನ್ವಯಿಸಬಹುದು.

ಅಲ್ಲಿನ ಹಳೆಯ ಚಿಮಣಿಗಳಲ್ಲಿ ಸಾಮಾನ್ಯವಾಗಿ ಕಾಂಕ್ರೀಟ್ ನೆತ್ತಿ ಇರುವುದಿಲ್ಲ. ಸುಟ್ಟಮಣ್ಣಿನ ಕುಂಡಗಳನ್ನು ಗಾರೆಯಲ್ಲಿ ಕೂರಿಸಿರುತ್ತಾರೆ, ಆ ಗಾರೆಗೆ ಫ್ಲಾಂಚಿಂಗ್ ಎನ್ನುತ್ತಾರೆ. ಬಿರುಕಿನಲ್ಲಿ ನಿಂತ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಉಬ್ಬುತ್ತದೆ, ಬಿರುಕು ವರ್ಷವರ್ಷ ಅಗಲವಾಗುತ್ತದೆ. ಗಾರೆ ಸಡಿಲಾದರೆ ಕುಂಡವೇ ಬೀದಿಗೆ ಉರುಳಬಹುದು. ಈ ಕೆಲಸ ಬೇಸಿಗೆಯಲ್ಲೇ ಆಗಲಿ. ಐದು ಡಿಗ್ರಿಗಿಂತ ಕೆಳಗೆ ಗಾರೆ ಸರಿಯಾಗಿ ಕಟ್ಟುವುದಿಲ್ಲ.

ಸೋರಿಕೆ ನಿಂತ ಮೇಲೂ ಕಲೆ ಮತ್ತೆ ಕಾಣಿಸಿಕೊಳ್ಳಬಹುದು. ದಶಕಗಳ ಕಲ್ಲಿದ್ದಲ ಹೊಗೆಯ ಲವಣಗಳು ಪ್ಲಾಸ್ಟರಿಗೆ ಇಳಿದಿರುತ್ತವೆ, ಅವು ಗಾಳಿಯ ತೇವವನ್ನೇ ಹೀರಿ ಒದ್ದೆಯಾಗುತ್ತವೆ. ಮೇಲೆ ಪೇಂಟ್ ಹೊಡೆದು ಪ್ರಯೋಜನವಿಲ್ಲ. ಗೋಡೆ ಒಣಗಲು ಕೆಲವು ತಿಂಗಳು ಬಿಟ್ಟು, ಕಲೆ ಹಿಡಿದ ಪ್ಲಾಸ್ಟರನ್ನು ಕೆತ್ತಿಸಿ, ಲವಣ ತಡೆಯುವ ಪ್ಲಾಸ್ಟರ್ ಮಾಡಿಸಿ.

ಪ್ರಶ್ನೆ: ಒಲೆಯ ಹಳೆಯ ಎಸಿ (ಆಸ್ಬೆಸ್ಟಾಸ್ ಸಿಮೆಂಟ್) ಪೈಪು ಸೀಳಿದೆ. ಎಂ-ಸೀಲ್ ಹಚ್ಚಿದರೆ ನಿಲ್ಲುತ್ತದೆಯೇ? – ಓದುಗರು, ಸಕಲೇಶಪುರ

ಉತ್ತರ: ಇಲ್ಲ, ಹೊಗೆಯ ಬಿಸಿಗೆ ಎಪಾಕ್ಸಿ ಮೆತ್ತಗಾಗಿ ಬಿಟ್ಟುಕೊಳ್ಳುತ್ತದೆ. ಪೈಪನ್ನೇ ಬದಲಿಸಿ. ಹಳೆಯ ಎಸಿ ಪೈಪಿನಲ್ಲಿ ಕಲ್ನಾರು ಇದೆ, ಅದರ ಧೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಗರಗಸ, ಗ್ರೈಂಡರ್ ಹಚ್ಚಬೇಡಿ, ಒಡೆಯಲೂ ಬೇಡಿ. ನೀರು ಚಿಮುಕಿಸಿ ಒದ್ದೆ ಮಾಡಿ, ಪಿ100 ಅಥವಾ ಎಫ್‌ಎಫ್‌ಪಿ3 ದರ್ಜೆಯ ಮಾಸ್ಕ್ (ಎನ್95 ಸಾಲದು) ಹಾಕಿಕೊಂಡು, ಜಾಯಿಂಟ್ ಬಿಡಿಸಿ ಇಡಿಯಾಗಿ ಇಳಿಸಿ. ಕೆಳಗೆ ಬಿದ್ದ ಚೂರುಗಳನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಪೈಪನ್ನೂ ಬಟ್ಟೆಯನ್ನೂ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ, ವಿಲೇವಾರಿಗೆ ಸ್ಥಳೀಯ ಪಂಚಾಯಿತಿ ಅಥವಾ ಪುರಸಭೆಯಲ್ಲಿ ವಿಚಾರಿಸಿ.